ಓದಲಾಗದ ಕಡತಕ್ಕೆ ಸಾಕ್ಷಿ ಯಾರು?

ಇಂದು ಪ್ರಪಂಚದಲ್ಲಿ ಬಳಕೆಯಲ್ಲಿರುವ ದೊಡ್ಡ ಕಂಪ್ಯೂಟರ್ ಪ್ರೋಗ್ರಾಮುಗಳಲ್ಲಿ ಒಬ್ಬನೇ ಕುಳಿತು ಬರೆದು ಮುಗಿಸಿದಂಥವು ಬಹು ವಿರಳ. ಒಬ್ಬರ ಮುಖವನ್ನೊಬ್ಬರು ಕಾಣದ ಹಲವಾರು ಮಂದಿ, ಬೇರೆ ಬೇರೆ ದೇಶಗಳಲ್ಲಿದ್ದುಕೊಂಡು, ಒಂದೇ ಪ್ರೋಗ್ರಾಮನ್ನು ವರ್ಷಗಟ್ಟಲೆ ತಿದ್ದುತ್ತಿರುತ್ತಾರೆ. ಒಬ್ಬನು ಇಂದು ಸೇರಿಸಿದ ಸಾಲನ್ನು ಇನ್ನೊಬ್ಬನು ನಾಳೆ ತೆಗೆದುಹಾಕಬಹುದು. ಮೂರನೆಯವನು ಅದನ್ನೇ ಬೇರೊಂದು ರೂಪದಲ್ಲಿ ಮರಳಿ ತರಬಹುದು. ಹೀಗಿರುವಲ್ಲಿ ಕೆಲಸವು ಕಲಸುಮೇಲೋಗರವಾಗದೆ ನಡೆಯುವುದಾದರೂ ಹೇಗೆ? ಅದಕ್ಕಾಗಿ ಒಂದು ದಾಖಲೆಯ ಪುಸ್ತಕವಿದೆ. ಯಾರು, ಯಾವ ದಿನ, ಯಾವ ಕಡತದ ಯಾವ ಸಾಲನ್ನು, ಯಾವ ಕಾರಣ ಹೇಳಿ ಬದಲಿಸಿದರೆಂಬುದನ್ನು ಆ ಪುಸ್ತಕವು ಒಂದನ್ನೂ ಬಿಡದೆ ಬರೆದಿಡುತ್ತದೆ. ಈ ವ್ಯವಸ್ಥೆಗೆ ಆವೃತ್ತಿ ನಿಯಂತ್ರಣವೆಂದು ಹೆಸರು.

ಈ ಪುಸ್ತಕದ ಬಲವೆಲ್ಲವೂ ಒಂದು ನಂಬಿಕೆಯ ಮೇಲೆ ನಿಂತಿದೆ. ಬರೆದುದನ್ನು ಯಾರು ಬೇಕಾದರೂ ಓದಿ ನೋಡಬಹುದು ಎಂಬುದೇ ಆ ನಂಬಿಕೆ. ಆದರೆ ಮನುಷ್ಯನ ಕಣ್ಣಿಗೆ ಓದಲಾಗದ ಕಡತವೊಂದನ್ನು ತಂದು ಈ ಪುಸ್ತಕದೊಳಗೆ ಇಟ್ಟರೆ ಏನಾಗುವುದು? ೨೦೨೪ನೆಯ ಇಸವಿಯ ಫೆಬ್ರವರಿ ತಿಂಗಳಲ್ಲಿ ಇಂಥ ಎರಡು ಕಡತಗಳು ಒಂದು ಪ್ರಸಿದ್ಧ ಪ್ರೋಗ್ರಾಮಿನ ದಾಖಲೆಯನ್ನು ಸೇರಿದುವು. ಐದು ವಾರಗಳ ಬಳಿಕ ಅವುಗಳ ಗುಟ್ಟು ಹೊರಬಿದ್ದಾಗ ಕಂಪ್ಯೂಟರ್ ಲೋಕವೇ ಬೆಚ್ಚಿಬಿದ್ದಿತು. ಆ ಕಥೆಯನ್ನೂ ಅದರಿಂದ ಕಲಿಯಬೇಕಾದುದನ್ನೂ ತಿಳಿಯಬೇಕಾದರೆ ಮೊದಲು ಈ ಪುಸ್ತಕದ ಕ್ರಮವನ್ನು ಸ್ವಲ್ಪ ಪರಿಚಯಮಾಡಿಕೊಳ್ಳಬೇಕು.

ಸಾಲು ಸಾಲಾಗಿ ಹೋಲಿಸುವ ಬಗೆ

ಆವೃತ್ತಿ ನಿಯಂತ್ರಣವು ತೀರ ಹೊಸದೇನೂ ಅಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಮಾರ್ಕ್ ರಾಕ್‌ಕೈಂಡ್ ಎಂಬಾತನು ೧೯೭೨ರಲ್ಲಿಯೇ ಇಂಥದೊಂದು ವ್ಯವಸ್ಥೆಯನ್ನು ರಚಿಸಿದನು. ಇಂದು ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು ಗಿಟ್ ಎಂಬುದು. ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ಕರ್ತೃವಾದ ಲಿನಸ್ ಟೊರ್ವಾಲ್ಡ್ಸನು, ಲಿನಕ್ಸಿನ ತಿದ್ದುಪಡಿಗಳನ್ನು ನೋಡಿಕೊಳ್ಳುವುದಕ್ಕಾಗಿಯೇ ೨೦೦೫ರ ಏಪ್ರಿಲಿನಲ್ಲಿ ಇದನ್ನು ನಿರ್ಮಿಸಿದನು.

ಒಂದು ಸಣ್ಣ ಉದಾಹರಣೆಯನ್ನು ತೆಗೆದುಕೊಳ್ಳೋಣ. ಲೋಲಕದ ಆವರ್ತಕಾಲವನ್ನು ಲೆಕ್ಕಹಾಕುವ ಪ್ರೋಗ್ರಾಮೊಂದರಲ್ಲಿ 'ಗುರುತ್ವ = ೯.೮' ಎಂಬ ಸಾಲಿದೆಯೆಂದು ಭಾವಿಸಿರಿ. ಬೆಂಗಳೂರಿನ ಪ್ರಯೋಗಶಾಲೆಗೆ ಒಪ್ಪುವಂತೆ ಅದನ್ನು ನೀವು 'ಗುರುತ್ವ = ೯.೭೮' ಎಂದು ತಿದ್ದುತ್ತೀರಿ. ಆಗ ಗಿಟ್ ಹಳೆಯ ಸಾಲಿನ ಹಿಂದೆ ಋಣಚಿಹ್ನೆಯನ್ನೂ ಹೊಸ ಸಾಲಿನ ಹಿಂದೆ ಧನಚಿಹ್ನೆಯನ್ನೂ ಇಟ್ಟು ಎರಡನ್ನೂ ಒಂದರ ಕೆಳಗೊಂದು ತೋರಿಸುತ್ತದೆ. ಪ್ರೋಗ್ರಾಮಿನ ಹೊಣೆ ಹೊತ್ತವನು ಅದನ್ನು ಓದಿ, ಬದಲಾವಣೆ ಸರಿಯೇ ತಪ್ಪೇ ಎಂದು ಅರೆ ನಿಮಿಷದಲ್ಲಿ ಹೇಳಬಲ್ಲನು. ಹತ್ತು ಸಾವಿರ ಸಾಲುಗಳ ಕಡತದಲ್ಲಿ ಬದಲಾದುದು ಒಂದೇ ಸಾಲಾದರೆ, ಅವನು ಓದಬೇಕಾದುದೂ ಆ ಒಂದೇ ಸಾಲು. ಇಷ್ಟು ಸುಲಭವಾದ ಪರಿಶೀಲನೆಯೇ ನೂರು ಜನರ ಸಹಕಾರಕ್ಕೆ ಆಧಾರ.

ಪಠ್ಯ ಯಾವುದು, ದ್ವಿಮಾನ ಯಾವುದು?

ಕಂಪ್ಯೂಟರಿನ ಪಾಲಿಗೆ ಎಲ್ಲ ಕಡತಗಳೂ ಒಂದೇ. ಯಾವ ಕಡತವೇ ಆಗಲಿ, ಅದು ಬೈಟುಗಳ ಒಂದು ಸರಪಳಿ. ಒಂದೊಂದು ಬೈಟೂ ೦ಯಿಂದ ೨೫೫ರವರೆಗಿನ ಒಂದು ಸಂಖ್ಯೆ. ಆ ಸಂಖ್ಯೆಗಳು ಲಿಪಿಯ ಅಕ್ಷರಗಳನ್ನು ಸೂಚಿಸುತ್ತಿದ್ದರೆ ಅದನ್ನು ಪಠ್ಯ ಕಡತವೆನ್ನುತ್ತೇವೆ. ಈಗ ರೂಢಿಯಲ್ಲಿರುವ ಯುಟಿಎಫ್-೮ ಸಂಕೇತದಲ್ಲಿ ಕನ್ನಡದ 'ಕ' ಅಕ್ಷರಕ್ಕೆ ೨೨೪, ೧೭೮, ೧೪೯ ಎಂಬ ಮೂರು ಬೈಟುಗಳು ಬೇಕು. ಚಿತ್ರ, ಧ್ವನಿ, ಅಡಕಗೊಳಿಸಿದ ಕಡತ, ಯಂತ್ರಸಂಕೇತ ಮೊದಲಾದುವುಗಳಲ್ಲಿ ಸಂಖ್ಯೆಗಳಿಗೆ ಬೇರೆ ಬೇರೆ ಅರ್ಥಗಳಿವೆ. ಅವನ್ನು ಅಕ್ಷರಗಳೆಂದು ಓದಹೊರಟರೆ ಅರ್ಥವಿಲ್ಲದ ಚಿಹ್ನೆಗಳು ಕಾಣುವುವು. ಇವೇ ದ್ವಿಮಾನ ಕಡತಗಳು.

ಇವೆರಡನ್ನೂ ಬೇರ್ಪಡಿಸಲು ಗಿಟ್ ಅನುಸರಿಸುವ ಉಪಾಯ ತುಂಬ ಸರಳವಾದುದು. ಕಡತದ ಮೊದಲ ೮,೦೦೦ ಬೈಟುಗಳಲ್ಲಿ ಎಲ್ಲಿಯಾದರೂ ಸೊನ್ನೆಯ ಬೈಟು ಇದ್ದರೆ ಅದು ದ್ವಿಮಾನ, ಇಲ್ಲದಿದ್ದರೆ ಪಠ್ಯ. ಯುಟಿಎಫ್-೮ರಲ್ಲಿ ಬರೆದ ಕನ್ನಡ ಲೇಖನದಲ್ಲಿ ಸೊನ್ನೆಯ ಬೈಟು ಬರುವುದಿಲ್ಲವಾದುದರಿಂದ ಗಿಟ್ ಅದನ್ನು ಪಠ್ಯವೆಂದೇ ತಿಳಿಯುತ್ತದೆ. ಅದೇ ಲೇಖನವನ್ನು ಯುಟಿಎಫ್-೧೬ ಸಂಕೇತದಲ್ಲಿ ಉಳಿಸಿದರೋ, ಪದಗಳ ನಡುವಣ ತೆರಪಿಗೂ ಸಾಲಿನ ಕೊನೆಗೂ ಎರಡೆರಡು ಬೈಟುಗಳಾಗಿ, ಅವುಗಳಲ್ಲಿ ಒಂದೊಂದು ಸೊನ್ನೆಯಾಗುತ್ತದೆ. ಒಡನೆಯೇ ಗಿಟ್ ಅದನ್ನು ದ್ವಿಮಾನವೆಂದು ತೀರ್ಮಾನಿಸಿಬಿಡುತ್ತದೆ. ಲೇಖನವೂ ಅದೇ, ಲಿಪಿಯೂ ಅದೇ. ಆದರೂ ಒಂದು ಓದಬಲ್ಲುದು, ಇನ್ನೊಂದು ಓದಲಾಗದುದು!

ದ್ವಿಮಾನವೆಂದು ತೀರ್ಮಾನವಾದ ಮೇಲೆ ಹೋಲಿಸುವ ಕೆಲಸ ಅಲ್ಲಿಗೆ ಮುಗಿಯಿತು. ಧನಚಿಹ್ನೆಯೂ ಇಲ್ಲ, ಋಣಚಿಹ್ನೆಯೂ ಇಲ್ಲ. 'ಈ ಎರಡು ದ್ವಿಮಾನ ಕಡತಗಳು ಭಿನ್ನವಾಗಿವೆ' ಎಂಬರ್ಥದ ಒಂದು ಸಾಲನ್ನು ಹೇಳಿ ಗಿಟ್ ಸುಮ್ಮನಾಗುತ್ತದೆ. ಎಲ್ಲಿ ಭಿನ್ನ, ಏಕೆ ಭಿನ್ನ ಎಂಬುದು ಪರಿಶೀಲಿಸುವವನಿಗೆ ತಿಳಿಯುವುದೇ ಇಲ್ಲ.

ಇನ್ನೂ ಎರಡು ತೊಡಕುಗಳಿವೆ. ಮೊದಲನೆಯದು ಗಾತ್ರದ್ದು. ಹೋಲಿಕೆಯುಳ್ಳ ಕಡತಗಳನ್ನು ಇಡುವಾಗ ಅವುಗಳ ವ್ಯತ್ಯಾಸವನ್ನು ಮಾತ್ರ ಇಟ್ಟು ಸ್ಥಳವನ್ನು ಉಳಿಸುವ ಶಕ್ತಿ ಗಿಟ್‌ಗೆ ಇದೆ. ಆದರೆ ಅಡಕಗೊಳಿಸಿದ ಕಡತದ ಮೂಲದಲ್ಲಿ ಒಂದಕ್ಷರ ಬದಲಾದರೂ ಅಲ್ಲಿಂದ ಮುಂದಿನ ಬೈಟುಗಳೆಲ್ಲ ಬದಲಾಗಬಹುದು, ಆಗ ಉಳಿತಾಯವೆಂಬುದಿಲ್ಲ. ಹತ್ತು ಮೆಗಾಬೈಟಿನ ಇಂಥ ಕಡತವನ್ನು ಇಪ್ಪತ್ತು ಬಾರಿ ಬದಲಿಸಿದರೆ ದಾಖಲೆಯು ಸುಮಾರು ಇನ್ನೂರು ಮೆಗಾಬೈಟು ಬೆಳೆಯುತ್ತದೆ. ಕಡತವನ್ನು ಮುಂದೆ ಅಳಿಸಿದರೂ ಇತಿಹಾಸದಲ್ಲಿ ಅದು ಉಳಿದೇ ಇರುವುದರಿಂದ, ಆ ದಾಖಲೆಯನ್ನು ಪೂರ್ಣವಾಗಿ ತರಿಸಿಕೊಳ್ಳುವ ಪ್ರತಿಯೊಬ್ಬನೂ ಈ ಹೊರೆಯನ್ನು ಹೊರಬೇಕು. ದೊಡ್ಡ ಕಡತಗಳನ್ನು ಬೇರೆಡೆಯಲ್ಲಿಟ್ಟು ದಾಖಲೆಯಲ್ಲಿ ಒಂದು ಗುರುತುಚೀಟಿಯನ್ನು ಮಾತ್ರ ಇಡುವ ಗಿಟ್ ಎಲ್‌ಎಫ್‌ಎಸ್ ಎಂಬ ಏರ್ಪಾಡು ೨೦೧೫ರಲ್ಲಿ ಬಂದುದು ಇದಕ್ಕಾಗಿಯೇ.

ಎರಡನೆಯ ತೊಡಕು ಸಾಲಿನ ಕೊನೆಯದು. ಲಿನಕ್ಸಿನಲ್ಲಿ ಸಾಲು ಮುಗಿಯಿತೆನ್ನಲು ೧೦ ಎಂಬ ಒಂದೇ ಬೈಟು. ವಿಂಡೋಸಿನಲ್ಲಿ ೧೩, ೧೦ ಎಂಬ ಎರಡು. ಗಿಟ್‌ನಲ್ಲಿ ಇವನ್ನು ತಾನಾಗಿ ಬದಲಿಸಿಕೊಡುವ ಸೌಕರ್ಯವಿದೆ. ದ್ವಿಮಾನ ಕಡತವೊಂದನ್ನು ಪಠ್ಯವೆಂದು ಭ್ರಮಿಸಿದರೆ, ಈ ಸೌಕರ್ಯವೇ ಕಡತವನ್ನು ಕೆಡಿಸುತ್ತದೆ. ಪಿಎನ್‌ಜಿ ಚಿತ್ರವಿಧಾನವನ್ನು ರೂಪಿಸಿದವರು ಈ ಅಪಾಯವನ್ನು ಮೊದಲೇ ಕಂಡಿದ್ದರು. ಪ್ರತಿಯೊಂದು ಪಿಎನ್‌ಜಿ ಚಿತ್ರವೂ ೧೩೭, ೮೦, ೭೮, ೭೧, ೧೩, ೧೦, ೨೬, ೧೦ ಎಂಬ ಎಂಟು ಬೈಟುಗಳಿಂದ ಮೊದಲಾಗುತ್ತದೆ. ಇದರಲ್ಲಿ ೧೩-೧೦ರ ಜೋಡಿಯೂ ಇದೆ, ಒಂಟಿ ೧೦ ಕೂಡ ಇದೆ. ಯಾವ ಕಡೆಯಿಂದ ಯಾವ ಕಡೆಗೆ ಬದಲಾವಣೆ ನಡೆದರೂ ಈ ಗುರುತು ಕೆಟ್ಟು, ಚಿತ್ರವು ಹಾಳಾಗಿದೆಯೆಂಬುದು ಮೊದಲ ನೋಟಕ್ಕೇ ಗೊತ್ತಾಗುತ್ತದೆ. ಗಿಟ್‌ನಲ್ಲಿಯೂ ಲಕ್ಷಣಗಳ ಪಟ್ಟಿಯೊಂದನ್ನು ಇಟ್ಟು, ಇಂತಿಂಥ ಕಡತಗಳು ದ್ವಿಮಾನ, ಇವನ್ನು ಮುಟ್ಟಕೂಡದು ಎಂದು ಮೊದಲೇ ಸಾರಿಬಿಡಬಹುದು.

ಖೋಟಾ ನಾಣ್ಯದ ಅಗತ್ಯ

ಇಷ್ಟೆಲ್ಲ ತೊಡಕಿದ್ದರೆ ದ್ವಿಮಾನ ಕಡತಗಳನ್ನು ದಾಖಲೆಯಲ್ಲಿ ಇಡುವುದಾದರೂ ಏಕೆ ಎಂದು ನೀವು ಕೇಳಬಹುದು. ಪರೀಕ್ಷೆಗಾಗಿ ಅವು ಬೇಕು. ಕಡತಗಳನ್ನು ಅಡಕಗೊಳಿಸುವ ಮತ್ತು ಬಿಡಿಸುವ ಪ್ರೋಗ್ರಾಮೊಂದನ್ನು ಯೋಚಿಸಿರಿ. ಅದು ಸರಿಯಾಗಿ ಕೆಲಸಮಾಡುತ್ತಿದೆಯೇ ಎಂದು ನೋಡಲು ಒಳ್ಳೆಯ ಕಡತಗಳನ್ನು ಬಿಡಿಸಲು ಕೊಟ್ಟರೆ ಸಾಲದು; ಕೆಟ್ಟ ಕಡತಗಳನ್ನೂ ಕೊಡಬೇಕು. ಚಿನಿವಾರನಿಗೆ ಒಳ್ಳೆಯ ನಾಣ್ಯವನ್ನು ಒಪ್ಪಿಕೊಳ್ಳಲು ಬಂದರೆ ಸಾಕೆ? ಖೋಟಾ ನಾಣ್ಯವನ್ನು ತಿರಸ್ಕರಿಸಲೂ ಬರಬೇಕು. ಆದುದರಿಂದ ಅವನನ್ನು ಪರೀಕ್ಷಿಸುವವರು ಖೋಟಾ ನಾಣ್ಯಗಳ ಒಂದು ಸಂಗ್ರಹವನ್ನು ಇಟ್ಟುಕೊಂಡಿರಬೇಕಾಗುತ್ತದೆ.

ಎಕ್ಸ್‌ಜೆಡ್ ಎಂಬುದು ಇಂಥ ಒಂದು ಅಡಕಕಾರಿ. ಲಿನಕ್ಸ್ ಕಂಪ್ಯೂಟರುಗಳಲ್ಲಿ ಅದು ಸರ್ವತ್ರ ಕಾಣಸಿಗುತ್ತದೆ. ಫಿನ್ಲೆಂಡಿನ ಲಾಸೆ ಕೊಲಿನ್ ಎಂಬವರು ಬಹುಕಾಲ ತಮ್ಮ ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ ಇದನ್ನು ನೋಡಿಕೊಂಡು ಬಂದರು. ಅದರ ದಾಖಲೆಯಲ್ಲಿ ಪರೀಕ್ಷೆಗಾಗಿಯೇ ಮೀಸಲಾದ ಕಡತಗಳಿವೆ. ಒಳ್ಳೆಯವಕ್ಕೆ 'ಗುಡ್' ಎಂದೂ ಕೆಟ್ಟವಕ್ಕೆ 'ಬ್ಯಾಡ್' ಎಂದೂ ಹೆಸರಿನ ಮೊದಲಲ್ಲಿ ಗುರುತು. ಇವುಗಳಲ್ಲಿ ಹಲವನ್ನು ಬೈಟು ಬೈಟಾಗಿ ಕೈಯಿಂದಲೇ ತಿದ್ದಿ ತಯಾರಿಸಲಾಗಿದೆ. ಅಂಥವುಗಳಿಗೆ ಅವೇ ಮೂಲ, ಬೇರೊಂದು ಓದಬಲ್ಲ ಮೂಲವಿಲ್ಲ. ಎಕ್ಸ್‌ಜೆಡ್ ಕಡತದ ಮೊದಲ ಆರು ಬೈಟುಗಳು ೨೫೩, ೫೫, ೧೨೨, ೮೮, ೯೦, ೦ ಎಂದಿರುತ್ತವೆ. ಆರನೆಯದು ಸೊನ್ನೆಯಾಗಿರುವುದು ಯಾರೂ ಇದನ್ನು ಪಠ್ಯವೆಂದು ತಪ್ಪು ತಿಳಿಯದಿರಲೆಂಬ ಉದ್ದೇಶದಿಂದಲೇ. ಅಂದಮೇಲೆ ಗಿಟ್ ಅದರ ಒಳಗನ್ನು ತೋರಿಸುವುದಿಲ್ಲವೆಂಬುದು ಸ್ಪಷ್ಟ.

ಇಲ್ಲಿ ಭೌತಶಾಸ್ತ್ರಕ್ಕೆ ಸೇರಿದ ಒಂದು ಮಾತನ್ನು ಗಮನಿಸಬೇಕು. ಅಡಕಗೊಳಿಸುವುದೆಂದರೆ ಕ್ರಮಬದ್ಧವಾದುದನ್ನು ಹಿಂಡಿ ತೆಗೆಯುವುದು. ಒಂದೇ ಅಕ್ಷರವು ನೂರು ಬಾರಿ ಬಂದಿದ್ದರೆ, ಅಕ್ಷರವನ್ನೂ ನೂರು ಎಂಬ ಸಂಖ್ಯೆಯನ್ನೂ ಬರೆದರೆ ಸಾಕು. ಹೀಗೆ ಪುನರಾವೃತ್ತಿಯೆಲ್ಲವನ್ನೂ ತೆಗೆದ ಬಳಿಕ ಉಳಿಯುವುದು ಯಾವ ವಿನ್ಯಾಸವೂ ಕಾಣದ, ರೇಡಿಯೋದ ಗೊರಗೊರ ಸದ್ದಿನಂಥ ಸಂಖ್ಯಾರಾಶಿ. ಅಡಕವು ಎಷ್ಟು ಉತ್ತಮವೋ ಅದು ಅಷ್ಟಷ್ಟೂ ಗೊಂದಲದಂತೆ ಕಾಣುತ್ತದೆ. ಬೇಕೆಂದೇ ಕೆಡಿಸಿದ ಅಡಕ ಕಡತದೊಳಗೆ ಇನ್ನೇನನ್ನಾದರೂ ಅಡಗಿಸಿಟ್ಟರೆ ಅದನ್ನು ಕಣ್ಣಿನಿಂದ ಪತ್ತೆಹಚ್ಚುವುದು ಅಸಾಧ್ಯವೆಂದೇ ಹೇಳಬಹುದು.

ಅರ್ಧ ಸೆಕೆಂಡಿನ ಸಾಕ್ಷಿ

೨೦೨೧ರ ಕೊನೆಯಲ್ಲಿ ಜಿಯಾ ಟಾನ್ ಎಂಬ ಹೆಸರನ್ನಿಟ್ಟುಕೊಂಡವನೊಬ್ಬನು ಎಕ್ಸ್‌ಜೆಡ್‌ಗೆ ಸಣ್ಣಪುಟ್ಟ ತಿದ್ದುಪಡಿಗಳನ್ನು ಕಳುಹಿಸತೊಡಗಿದನು. ಮರುವರ್ಷ ಬೇರೆ ಕೆಲವು ಹೆಸರುಗಳಿಂದ, ಕೆಲಸವು ನಿಧಾನವಾಗಿದೆ, ಹೊಣೆಯನ್ನು ಮತ್ತೊಬ್ಬರಿಗೂ ಹಂಚಬೇಕು ಎಂಬ ಒತ್ತಾಯದ ಪತ್ರಗಳು ಬಂದುವು. ಕ್ರಮೇಣ ಟಾನ್ ಜೊತೆಯ ಹೊಣೆಗಾರನಾದನು. ಎರಡು ವರ್ಷಕ್ಕೂ ಮೀರಿದ ಈ ತಾಳ್ಮೆಯ ಬಳಿಕ, ೨೦೨೪ರ ಫೆಬ್ರವರಿ ೨೩ರಂದು, ಅವನು ಹಲವು ಪರೀಕ್ಷಾ ಕಡತಗಳನ್ನು ದಾಖಲೆಗೆ ಸೇರಿಸಿದನು. ಅವುಗಳಲ್ಲಿ ಎರಡು, ಒಂದು 'ಬ್ಯಾಡ್', ಇನ್ನೊಂದು 'ಗುಡ್', ನಮ್ಮ ಕಥೆಯ ಮುಖ್ಯ ಪಾತ್ರಗಳು. ಮರುದಿನವೇ ೫.೬.೦ ಎಂಬ ಹೊಸ ಆವೃತ್ತಿಯು ಹೊರಬಿದ್ದಿತು.

ಯುಕ್ತಿಯು ಹೀಗಿತ್ತು. ಹಂಚುವುದಕ್ಕಾಗಿ ಕಟ್ಟಿದ ಗಂಟಿನಲ್ಲಿ, ಗಿಟ್ ದಾಖಲೆಯಲ್ಲಿ ಇಲ್ಲದ ಕೆಲವು ಸಾಲುಗಳನ್ನು ಅವನು ಸೇರಿಸಿದ್ದನು. ಪ್ರೋಗ್ರಾಮನ್ನು ಕಟ್ಟುವಾಗ ಆ ಸಾಲುಗಳು ಜಾಗೃತವಾಗಿ 'ಬ್ಯಾಡ್' ಕಡತವನ್ನು ತೆರೆಯುತ್ತಿದ್ದುವು. ಅದರಲ್ಲಿ ೯ ಮತ್ತು ೩೨ ಎಂಬ ಬೈಟುಗಳನ್ನೂ, ೪೫ ಮತ್ತು ೯೫ ಎಂಬ ಬೈಟುಗಳನ್ನೂ ಪರಸ್ಪರ ಅದಲು ಬದಲು ಮಾಡುತ್ತಿದ್ದುವು. ಇಷ್ಟು ಮಾಡಿದ ಕೂಡಲೆ ಕೆಟ್ಟುಹೋದಂತಿದ್ದ ಕಡತವು ಒಳ್ಳೆಯದಾಗಿ, ಬಿಡಿಸಿದಾಗ ಅದರೊಳಗಿಂದ ಆಜ್ಞೆಗಳ ಒಂದು ಪಟ್ಟಿ ಹೊರಬರುತ್ತಿತ್ತು. ಆ ಪಟ್ಟಿಯು 'ಗುಡ್' ಕಡತದಿಂದ ಅಲ್ಲಲ್ಲಿಯ ತುಂಡುಗಳನ್ನು ಆಯ್ದು ಜೋಡಿಸಿ ಮತ್ತೊಂದು ಆಜ್ಞಾಪಟ್ಟಿಯನ್ನು ತೆಗೆಯುತ್ತಿತ್ತು; ಅದು ಕೊನೆಗೆ ಯಂತ್ರಸಂಕೇತವನ್ನು ಹೊರತೆಗೆದು ಎಕ್ಸ್‌ಜೆಡ್‌ನ ಒಡಲಿಗೆ ಸೇರಿಸುತ್ತಿತ್ತು.

ಅಡಕಕಾರಿಯ ಒಡಲಿಗೆ ಸೇರಿದರೆ ಏನು ಲಾಭ? ದೂರದ ಕಂಪ್ಯೂಟರನ್ನು ಭದ್ರವಾಗಿ ಪ್ರವೇಶಿಸಲು ಎಸ್‌ಎಸ್‌ಎಚ್ ಎಂಬ ಪ್ರೋಗ್ರಾಮು ಬಳಕೆಯಲ್ಲಿದೆ. ಅದಕ್ಕೂ ಎಕ್ಸ್‌ಜೆಡ್‌ಗೂ ನೇರ ಸಂಬಂಧವಿಲ್ಲ. ಆದರೆ ಲಿನಕ್ಸಿನ ಕೆಲವು ಹಂಚಿಕೆಗಳಲ್ಲಿ ಎಸ್‌ಎಸ್‌ಎಚ್ ಜೊತೆಗೆ ಸಿಸ್ಟಮ್‌ಡಿ ಎಂಬುದರ ಒಂದು ಭಾಗವನ್ನೂ, ಅದರ ಬೆನ್ನಿಗೆ ಎಕ್ಸ್‌ಜೆಡ್‌ನ ಭಾಗವನ್ನೂ ಜೋಡಿಸಲಾಗಿತ್ತು. ಈ ಹಿಂಬಾಗಿಲಿನ ಮೂಲಕ, ಗುಪ್ತ ಕೀಲಿಯೊಂದನ್ನು ಕೈಯಲ್ಲಿಟ್ಟುಕೊಂಡವನು ಅಂಥ ಕಂಪ್ಯೂಟರಿಗೆ ಯಾವ ಗುರುತನ್ನೂ ಒಪ್ಪಿಸದೆ ಆಜ್ಞೆ ಮಾಡಬಹುದಾಗಿತ್ತು.

ಇದನ್ನು ಕಂಡುಹಿಡಿದವರು ಆಂಡ್ರೆಸ್ ಫ್ರಾಯಿಂಡ್. ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯ ಪ್ರೋಗ್ರಾಮಿನ ಕರ್ತೃಗಳಲ್ಲೊಬ್ಬರಾದ ಈ ಎಂಜಿನಿಯರರು ಬೇರಾವುದೋ ವೇಗಪರೀಕ್ಷೆಯಲ್ಲಿ ತೊಡಗಿದ್ದರು. ಆಗ ಎಸ್‌ಎಸ್‌ಎಚ್ ಪ್ರವೇಶಕ್ಕೆ ಮೊದಲು ಸುಮಾರು ೦.೩ ಸೆಕೆಂಡು ಸಾಕಾಗುತ್ತಿದ್ದುದು ಈಗ ೦.೮ ಸೆಕೆಂಡು ಹಿಡಿಯುತ್ತಿರುವುದನ್ನು ಗಮನಿಸಿದರು. ಅರ್ಧ ಸೆಕೆಂಡು ತಾನೆ ಎಂದು ಅವರು ಸುಮ್ಮನಾಗಲಿಲ್ಲ. ಗಾಳಿಯಿಂದ ಪಡೆದ ನೈಟ್ರೊಜನ್ನಿಗೂ ರಾಸಾಯನಿಕಗಳಿಂದ ಪಡೆದ ನೈಟ್ರೊಜನ್ನಿಗೂ ಸಾಂದ್ರತೆಯಲ್ಲಿ ಅಲ್ಪ ವ್ಯತ್ಯಾಸವಿದ್ದುದನ್ನು ಲಾರ್ಡ್ ರ್ಯಾಲೇ ಕಡೆಗಣಿಸದಿದ್ದುದರಿಂದಲೇ ೧೮೯೪ರಲ್ಲಿ ಅವನಿಗೂ ರಾಮ್ಸೇಗೂ ಆರ್ಗಾನ್ ಅನಿಲವು ದೊರೆಯಿತೆಂಬುದು ನಿಮಗೆ ನೆನಪಿರಬಹುದು. ಅದೇ ಬಗೆಯ ಹಟದಿಂದ ಜಾಡುಹಿಡಿದು ಹೋದ ಫ್ರಾಯಿಂಡ್ ಆ ಎರಡು ಪರೀಕ್ಷಾ ಕಡತಗಳವರೆಗೂ ತಲುಪಿ, ಮಾರ್ಚ್ ೨೯ರಂದು ವಿಷಯವನ್ನು ಬಹಿರಂಗಪಡಿಸಿದರು. ಅಪಾಯದ ಮಾಪನದಲ್ಲಿ ಇದಕ್ಕೆ ಹತ್ತಕ್ಕೆ ಹತ್ತು ಅಂಕ ಬಂದಿತು. ಪುಣ್ಯವಶಾತ್ ಹೊಸ ಆವೃತ್ತಿಯು ಮುಖ್ಯ ಹಂಚಿಕೆಗಳ ಸ್ಥಿರ ಆವೃತ್ತಿಗಳನ್ನು ಇನ್ನೂ ತಲುಪಿರಲಿಲ್ಲ. ಹಂಚಿಕೆಗಳವರು ಹಿಂದಿನ ಆವೃತ್ತಿಗೆ ಮರಳಿದರು. ಕೊಲಿನ್ ಅವರು ದಾಖಲೆಯನ್ನು ಶೋಧಿಸಿ ಮೇ ೨೯ರಂದು ಶುದ್ಧವಾದ ೫.೬.೨ನ್ನು ಹೊರತಂದರು.

ಹೇಳಿಕೆಯು ವಿಧಾನವಲ್ಲ

ಈ ಪ್ರಕರಣದಲ್ಲಿ ಎರಡು ಅಂಶಗಳು ವಿಶೇಷವಾಗಿ ಮನನಾರ್ಹವಾಗಿವೆ. ಮೊದಲನೆಯದಾಗಿ, ೫.೬.೦ರಲ್ಲಿ ಆ ಎರಡು ಪರೀಕ್ಷಾ ಕಡತಗಳನ್ನು ಯಾವ ಪರೀಕ್ಷೆಯೂ ಬಳಸುತ್ತಿರಲಿಲ್ಲ. ಎರಡನೆಯದಾಗಿ, ಮಾರ್ಚ್ ೯ರಂದು ಅವನ್ನು ಬದಲಿಸಿದಾಗ ದಾಖಲೆಯಲ್ಲಿ ಒಂದು ಸಮಾಧಾನವನ್ನು ಬರೆಯಲಾಗಿತ್ತು: ಮೊದಲಿನವು ತನ್ನ ಯಂತ್ರದ ಯಾದೃಚ್ಛಿಕ ಸಂಖ್ಯೆಗಳಿಂದ ಆದುವು, ಮುಂದೆ ಯಾರಾದರೂ ಮತ್ತೆ ತಯಾರಿಸಲು ಅನುಕೂಲವಾಗಲೆಂದು ಈಗ ಒಂದು ಸ್ಥಿರ ಬೀಜವನ್ನು ಬಳಸಿದೆ, ಎಂದು.

ಬೀಜವೆಂದರೇನೆಂದು ಒಂದು ಲೆಕ್ಕದಿಂದ ತಿಳಿಯಬಹುದು. ಯಾವುದಾದರೂ ಸಂಖ್ಯೆಯನ್ನು ೫ರಿಂದ ಗುಣಿಸಿ, ೩ನ್ನು ಕೂಡಿಸಿ, ೧೬ರಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳಿರಿ. ೭ರಿಂದ ಆರಂಭಿಸಿದರೆ ೬, ೧, ೮, ೧೧, ೧೦ ಎಂದು ಸಾಗುತ್ತದೆ. ನೋಡಲು ಗೊತ್ತುಗುರಿಯಿಲ್ಲದ ಸಂಖ್ಯೆಗಳು. ಆದರೆ ನಿಯಮವನ್ನೂ ೭ ಎಂಬ ಬೀಜವನ್ನೂ ಕೊಟ್ಟರೆ ಮೈಸೂರಿನಲ್ಲಾಗಲಿ ಮಾಸ್ಕೋದಲ್ಲಾಗಲಿ ಅದೇ ಸರಣಿ ಬಂದೇ ತೀರಬೇಕು. ನಿಯಮ ಮತ್ತು ಬೀಜ ಇವೆರಡನ್ನೂ ದಾಖಲೆಯಲ್ಲಿಟ್ಟಿದ್ದರೆ ಯಾರು ಬೇಕಾದರೂ ಕಡತವನ್ನು ಹೊಸದಾಗಿ ತಯಾರಿಸಿ ತಾಳೆನೋಡಬಹುದಾಗಿತ್ತು. ಅಲ್ಲಿದ್ದುದು ಬೀಜವನ್ನು ಬಳಸಿದೆನೆಂಬ ಹೇಳಿಕೆ ಮಾತ್ರ. ತಯಾರಿಸುವ ಪ್ರೋಗ್ರಾಮು ಇರಲಿಲ್ಲ. ಪ್ರಯೋಗಶಾಲೆಯ ದಾಖಲೆಯಲ್ಲಿ ಉಪಕರಣ, ವಿಧಾನ, ವಾಚನಗಳು ಯಾವುವೂ ಇಲ್ಲದೆ ಉತ್ತರವನ್ನು ಮಾತ್ರ ಬರೆದು 'ಕ್ರಮವಾಗಿ ಮಾಡಿದೆ' ಎಂದರೆ ಯಾವ ಅಧ್ಯಾಪಕರು ತಾನೆ ಒಪ್ಪುವರು?

ಗಿಟ್ ಪ್ರತಿಯೊಂದು ಕಡತಕ್ಕೂ ಒಂದು ಹ್ಯಾಶ್ ಸಂಖ್ಯೆಯನ್ನು ಲೆಕ್ಕಹಾಕಿ ಇಡುತ್ತದಲ್ಲ, ಅದು ರಕ್ಷಣೆ ಕೊಡದೆ ಎಂಬ ಸಂದೇಹ ಬರಬಹುದು. ಒಂದು ಬೈಟು ಬದಲಾದರೂ ಆ ಸಂಖ್ಯೆ ಬದಲಾಗುತ್ತದೆಂಬುದು ನಿಜ. ಆದರೆ ಅದು ಸಾರುವುದು, ಅಂದು ಒಳಗಿಟ್ಟ ಕಡತವೇ ಇಂದೂ ಇದೆ ಎಂಬುದನ್ನಷ್ಟೆ. ಅಂದು ಒಳಗಿಟ್ಟುದು ವಿಷವೋ ಅಮೃತವೋ ಎಂಬುದನ್ನು ಅದು ಹೇಳಲಾರದು.

ಹಾಗಾದರೆ ಮಾಡಬೇಕಾದುದೇನು? ಸಾಧ್ಯವಾದೆಡೆಯಲ್ಲೆಲ್ಲ ದ್ವಿಮಾನ ಪರೀಕ್ಷಾ ಕಡತದ ಬದಲು ಅದನ್ನು ತಯಾರಿಸುವ ಓದಬಲ್ಲ ಪ್ರೋಗ್ರಾಮನ್ನೇ ದಾಖಲೆಯಲ್ಲಿಡಬೇಕು. 'ಇಂಥ ಪಠ್ಯವನ್ನು ಅಡಕಗೊಳಿಸು, ಬಳಿಕ ಇಪ್ಪತ್ತನೆಯ ಬೈಟನ್ನು ೨೫೫ ಮಾಡು' ಎಂಬ ಎರಡು ಸಾಲುಗಳು, ಕೆಟ್ಟ ಕಡತವೊಂದಕ್ಕಿಂತ ಚಿಕ್ಕವೂ ಹೌದು, ಯಾರಿಗೂ ತಿಳಿಯುವಂಥವೂ ಹೌದು. ಹೊರಗಿನಿಂದ ತಂದ ಮಾದರಿಯೇ ಅನಿವಾರ್ಯವಾದರೆ, ಅದು ಎಲ್ಲಿಂದ ಬಂತು, ಯಾವ ದೋಷವನ್ನು ಪರೀಕ್ಷಿಸುತ್ತದೆ ಎಂಬುದನ್ನು ಬರೆದು, ಗಾತ್ರವನ್ನು ಆದಷ್ಟು ಕಿರಿದಾಗಿಡಬೇಕು. ಯಾವ ಪರೀಕ್ಷೆಯೂ ಬಳಸದ ಕಡತಕ್ಕೆ ಅಲ್ಲಿ ಸ್ಥಳವಿರಕೂಡದು. ಪ್ರೋಗ್ರಾಮನ್ನು ಕಟ್ಟುವ ಹಂತದಲ್ಲಿ ಪರೀಕ್ಷಾ ಕಡತಗಳು ಕೈಗೆ ಸಿಗದಂತೆ ಬೇರೆಯಾಗಿರಿಸಬೇಕು. ಹಂಚುವ ಗಂಟು ದಾಖಲೆಗೆ ಸರಿಹೊಂದುತ್ತದೆಯೇ ಎಂದು ಹೋಲಿಸಿ ನೋಡಬೇಕು.

ಇವುಗಳಿಂದ ವಂಚನೆಯು ಸಂಪೂರ್ಣವಾಗಿ ನಿಲ್ಲುವುದೆಂದಲ್ಲ. ಓದಬಲ್ಲ ಪ್ರೋಗ್ರಾಮಿನಲ್ಲಿಯೂ ಚತುರನು ಕೇಡನ್ನು ಹುದುಗಿಸಬಹುದು. ಆದರೆ ಅಲ್ಲಿ ಅವನು ನೂರು ಕಣ್ಣುಗಳ ಎದುರಿಗೆ ಹುದುಗಿಸಬೇಕು. ಇಲ್ಲಿ ಕಣ್ಣುಗಳೇ ಇಲ್ಲದ ಕಡೆಯಲ್ಲಿ. ಈ ಪತ್ರಿಕೆಯನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಅನೇಕರು ಮುಂದೆ ಇಂಥ ಕೆಲಸಗಳಲ್ಲಿ ಪಾಲುಗೊಳ್ಳುವರು. ಅರ್ಥವಾಗದ ಕಡತವೊಂದು ಎದುರಿಗೆ ಬಂದಾಗ ಇದು ಹೇಗಾಯಿತು, ಮತ್ತೆ ಮಾಡಿ ತೋರಿಸಬಹುದೆ ಎಂದು ಕೇಳಲು ಅವರು ಸಂಕೋಚಪಡಬೇಕಾದುದಿಲ್ಲ. ವಿಜ್ಞಾನದಲ್ಲಿ ಯಾವ ಫಲಿತಾಂಶಕ್ಕೂ ಈ ಪ್ರಶ್ನೆಯಿಂದ ವಿನಾಯಿತಿಯಿಲ್ಲ. ಪರೀಕ್ಷಾ ಕಡತಕ್ಕೂ ಇರಬೇಕಾಗಿಲ್ಲ.